ಸೆಳವಿನ ಮೀನು, ಮಡುವಿನ ಮೀನು: ಪುಣೆ, ಗೋವಾ ಹೊಳೆಗಳಲ್ಲಿ ಒಂದು ಲೆಕ್ಕ

ಪುಣೆಯ ಸುತ್ತ ಮುಳಾ, ಮುಠಾ, ಪವನಾ, ಇಂದ್ರಾಯಣಿ ಎಂದು ನಾಲ್ಕು ನದಿಗಳನ್ನು ಎಣಿಸಬಹುದು. ನಾಲ್ಕರಲ್ಲೂ ಬಂಡೆಗಳ ನಡುವಿನ ಸೆಳವಿನಲ್ಲಿ, ಕಲ್ಲಿಗೆ ಕಚ್ಚಿಕೊಂಡು ಬದುಕುವ ಗಾರಾ ಎಂಬ ಮೀನು ಸಪೂರ ಮೈಯದು, ಅದೇ ಹೊಳೆಯ ಮಡುವಿನಲ್ಲಿ ತುಸು ದುಂಡು ಮೈಯದು ಸಿಕ್ಕಿತು ಎಂದಿಟ್ಟುಕೊಳ್ಳಿ. ಒಂದೇ ಬದಲಾವಣೆ ನಾಲ್ಕು ಕಡೆ ಪ್ರತ್ಯೇಕವಾಗಿ ವಿಕಾಸವಾಗಿದೆ ಎಂದು ಬರೆದುಬಿಡುವ ಆಸೆ ಹುಟ್ಟುತ್ತದೆ. ಆದರೆ ಪವನಾ ದಾಪೋಡಿಯಲ್ಲಿ ಮುಳೆಯನ್ನು ಸೇರುತ್ತದೆ, ಮುಠಾ ಊರೊಳಗಿನ ಸಂಗಮದಲ್ಲಿ ಸೇರುತ್ತದೆ, ಇಂದ್ರಾಯಣಿ ತುಳಾಪುರದಲ್ಲಿ ಭೀಮೆಗೆ ಬೀಳುತ್ತದೆ, ಮುಳಾ-ಮುಠಾ ಕೂಡ ಮುಂದೆ ಹೋಗಿ ಭೀಮೆಗೇ. ಭೀಮೆಯಿಂದ ಕೃಷ್ಣೆ. ಮೀನಿನ ದೃಷ್ಟಿಯಿಂದ ಇದು ಒಂದೇ ಮನೆಯ ನಾಲ್ಕು ಕೋಣೆ. ಈ ಸಮೂಹಗಳು ಬೇರೆಬೇರೆ ಎಂದು ಡಿಎನ್‌ಎ ತೋರಿಸಿಕೊಡುವವರೆಗೆ ನಾಲ್ಕು ಹೊಳೆಯ ಲೆಕ್ಕ ಒಂದೇ.

ಹೀಗೆ ಒಂದೇ ಬದಲಾವಣೆ ಬೇರೆಬೇರೆ ಕಡೆ ಪ್ರತ್ಯೇಕವಾಗಿ ಬರುವುದು ಸಮಾಂತರ ವಿಕಾಸ. ಅದನ್ನು ಹುಡುಕುವ ಕೆಲಸದಲ್ಲಿ ಎಲ್ಲಕ್ಕಿಂತ ಕಷ್ಟದ್ದು ಈ ಎಣಿಕೆ. ಮೀನು ಹಿಡಿಯುವುದು, ಅಳೆಯುವುದು, ಕಂಪ್ಯೂಟರಿಗೆ ಹಾಕುವುದು ಎಲ್ಲ ಕಲಿತರೆ ಬರುತ್ತದೆ. ಎಣಿಕೆ ತಪ್ಪಿದರೆ ಮಾತ್ರ ಉಳಿದ ಕೆಲಸವೆಲ್ಲ ನೀರಲ್ಲಿ ಹೋಮ. ಒಂದು ಹೊಳೆಯಲ್ಲಿ ಮೀನಿನ ಮೈ ಸಪೂರವಾದರೆ ಅದು ಆಕಸ್ಮಿಕವಾಗಿರಬಹುದು, ಕೆಲವೇ ಮೀನುಗಳಿಂದ ಬೆಳೆದ ಸಮೂಹದಲ್ಲಿ ಹಾಗಾಗುವುದುಂಟು. ಒಂದಕ್ಕೊಂದು ಸಂಬಂಧವಿಲ್ಲದ ಹೊಳೆಗಳಲ್ಲಿ, ಅದೇ ಬಗೆಯ ಸೆಳವಿನಲ್ಲಿ, ಅದೇ ದಿಕ್ಕಿಗೆ ಬದಲಾದರೆ ಆಗ ನಿಸರ್ಗದ ಆಯ್ಕೆಯ ಕೈ ಕಾಣತೊಡಗುತ್ತದೆ. 180 ಮೀನು ಅಳೆದರೂ ಸ್ವತಂತ್ರ ಹೊಳೆಗಳು ಮೂರೇ ಇದ್ದರೆ ನಮ್ಮ ಹತ್ತಿರ ಇರುವ ಸಾಕ್ಷಿ ಮೂರು, 180 ಅಲ್ಲ.

ಹಾಗಾಗಿ ಮೊದಲ ವಾರಗಳ ಕೆಲಸವೆಲ್ಲ ನಕಾಶೆಯ ಮೇಲೆ. ಘಟ್ಟದ ನೆತ್ತಿ ಇಲ್ಲಿ ದೊಡ್ಡ ಉಪಕಾರ ಮಾಡಿದೆ. ಮಹಾಬಳೇಶ್ವರದಲ್ಲಿ ಕೃಷ್ಣಾ, ಕೊಯ್ನಾ, ವೆಣ್ಣಾ, ಸಾವಿತ್ರಿ ನದಿಗಳು ಹುಟ್ಟುತ್ತವೆ. ಮೊದಲ ಮೂರು ಪೂರ್ವಕ್ಕೆ ಇಳಿದು ಬಂಗಾಳ ಕೊಲ್ಲಿಯ ದಾರಿ ಹಿಡಿದರೆ ಸಾವಿತ್ರಿ ಪಶ್ಚಿಮಕ್ಕೆ ಇಳಿದು ಬಾಣಕೋಟದ ಬಳಿ ಅರಬ್ಬಿ ಸಮುದ್ರ ಸೇರುತ್ತದೆ. ಗೋವಾದ ಮಹಾದಾಯಿ ನಮ್ಮ ಖಾನಾಪುರ ತಾಲೂಕಿನ ಕಾಡಿನಲ್ಲಿ ಹುಟ್ಟಿ ಸತ್ತರಿಯ ಮೂಲಕ ಮಾಂಡೋವಿಯಾಗಿ ಕಡಲಿಗೆ ಹೋಗುತ್ತದೆ. ಪುಣೆಯ ಕಡೆಯಿಂದ ಭೀಮೆಯ ಒಂದು ಹಳ್ಳ, ರಾಯಗಡದ ಕಡೆ ಸಾವಿತ್ರಿಯ ಒಂದು ತೊರೆ, ಗೋವಾದಲ್ಲಿ ಮಹಾದಾಯಿಯ ಒಂದು ಉಪನದಿ ಆರಿಸಿದರೆ ಮೂರು ಸ್ವತಂತ್ರ ಜಲಾನಯನಗಳಾದವು. ಪ್ರತಿಯೊಂದರಲ್ಲೂ ಒಂದು ಸೆಳವು, ಒಂದು ಮಡು. ಈ ಜೋಡಿ ಬಹಳ ಮುಖ್ಯ. ಗೋವಾದ ಸೆಳವಿನ ಮೀನನ್ನು ಪುಣೆಯ ಮಡುವಿನ ಮೀನಿಗೆ ಹೋಲಿಸಿದರೆ ಕಾಣುವ ವ್ಯತ್ಯಾಸ ಸೆಳವಿನದೋ ಊರಿನದೋ ತಿಳಿಯುವುದಿಲ್ಲ.

ನಕಾಶೆಯಲ್ಲಿ ಕಾಣದ ಒಂದು ತೊಡಕು ಇಲ್ಲಿ ಬೇರೆಲ್ಲಿಗಿಂತ ಹೆಚ್ಚು. ಪೂರ್ವಕ್ಕೆ ಹರಿಯಬೇಕಾದ ನೀರನ್ನು ವಿದ್ಯುತ್ತಿಗಾಗಿ ಘಟ್ಟದಿಂದ ಪಶ್ಚಿಮಕ್ಕೆ ಇಳಿಸುವ ಯೋಜನೆಗಳು ಈ ಭಾಗದಲ್ಲಿ ಹಲವು. ಮುಳಶಿ ಅಣೆಕಟ್ಟೆಯ ನೀರು ಭಿರಾದಲ್ಲಿ ಇಳಿದು ಕುಂಡಲಿಕಾ ನದಿ ಸೇರುತ್ತದೆ. ಲೋಣಾವಳದ ಕೆರೆಗಳ ನೀರು ಖೋಪೋಲಿಯಲ್ಲಿ ಇಳಿದು ಪಾತಾಳಗಂಗೆಗೆ, ಠೋಕರವಾಡಿಯದು ಭಿವಪುರಿಯಲ್ಲಿ ಇಳಿದು ಉಲ್ಹಾಸಕ್ಕೆ, ಕೊಯ್ನೆಯದು ವಾಶಿಷ್ಠಿಗೆ. ನೀರಿನ ಜೊತೆ ಮೊಟ್ಟೆಯೋ ಮರಿಯೋ ದಾಟಿಲ್ಲ ಎಂದು ಹೇಳಲು ನಮ್ಮ ಹತ್ತಿರ ಆಧಾರವಿಲ್ಲದಿರುವಾಗ ಆ ನದಿಗಳನ್ನು ಸ್ವತಂತ್ರ ಎಂದು ಲೆಕ್ಕಕ್ಕೆ ಹಿಡಿಯಬಾರದು. ಸಾವಿತ್ರಿಯನ್ನು ಆರಿಸುವುದಕ್ಕೆ ಇದೂ ಒಂದು ಕಾರಣ. ಕೃಷಿಹೊಂಡಕ್ಕೆ, ಕೆರೆಗೆ ಮೀನುಮರಿ ಬಿಟ್ಟ ಜಾಗಗಳನ್ನೂ ಹಾಗೆಯೇ ಬಿಡಬೇಕು. ಹಳ್ಳದ ಅಂಚಿನ ಮನೆಯವರನ್ನು ಕೇಳಿದರೆ ಯಾವ ವರ್ಷ ಯಾರು ಏನು ಬಿಟ್ಟರು ಎಂದು ಹೇಳುತ್ತಾರೆ, ಇಲಾಖೆಯ ಕಡತಕ್ಕಿಂತ ಅದು ಉಪಯೋಗಕ್ಕೆ ಬರುತ್ತದೆ.

ಅನುಮತಿ ಪತ್ರಗಳು ಮೊದಲೇ ಕೈಯಲ್ಲಿರಬೇಕು. ಅಭಯಾರಣ್ಯದೊಳಗಾದರೆ ಅರಣ್ಯ ಇಲಾಖೆಯದು, ಮೀನೂ ಬೆನ್ನೆಲುಬಿನ ಪ್ರಾಣಿಯಾದ್ದರಿಂದ ಸಂಸ್ಥೆಯ ಪ್ರಾಣಿ ನೀತಿ ಸಮಿತಿಯದು. ಇದಕ್ಕೆ ಹಿಡಿಯುವ ಕಾಲ ಹೊಳೆಯಲ್ಲಿ ಮಾಡುವ ಕೆಲಸಕ್ಕಿಂತ ಉದ್ದ, ಆದ್ದರಿಂದ ಮಳೆಗಾಲಕ್ಕೆ ಮುಂಚೆಯೇ ಅರ್ಜಿ ಹಾಕಬೇಕು.

ಹಿಡಿಯುವ ಕಾಲ ಅಕ್ಟೋಬರ್ ಕೊನೆಯಿಂದ ಡಿಸೆಂಬರ್. ಮಳೆಯಲ್ಲಿ ಸೆಳವು ಯಾವುದು, ಮಡು ಯಾವುದು ಗೊತ್ತಾಗುವುದಿಲ್ಲ, ಎಲ್ಲ ಒಂದೇ ಕೆಂಪು ನೀರು. ಏಪ್ರಿಲ್ ಹೊತ್ತಿಗೆ ಎಷ್ಟೋ ಸೆಳವುಗಳು ಒಣಗಿ, ಅಲ್ಲಿನ ಮೀನೆಲ್ಲ ಮಡುವಿಗೆ ಇಳಿದು ಬೆರೆತುಹೋಗಿರುತ್ತವೆ. ಆಗ ಹಿಡಿದು "ಮಡುವಿನ ಮೀನು" ಎಂದು ಚೀಟಿ ಅಂಟಿಸಿದರೆ ಚೀಟಿಯೇ ಸುಳ್ಳು. ನೀರಿನ ವೇಗವನ್ನೂ ಅದೇ ದಿನ ಅಳೆಯಬೇಕು. 5 ಮೀಟರ್ ಹಗ್ಗ ಎಳೆದು, ಒಂದು ನಿಂಬೆಹಣ್ಣು ತೇಲಿಬಿಟ್ಟು, ಮೂರು ಸಲ ಸಮಯ ನೋಡಿ ಸರಾಸರಿ ತೆಗೆದು, 5 ಮೀಟರನ್ನು ಆ ಸಮಯದಿಂದ ಭಾಗಿಸಿ, ಬಂದ ವೇಗವನ್ನು 0.85ರಿಂದ ಗುಣಿಸಿದರೆ ಒಟ್ಟು ಹರಿವಿನ ಸರಾಸರಿ ವೇಗದ ಅಂದಾಜು ಬರುತ್ತದೆ. ಗಾರಾ ಮಾತ್ರ ಮೇಲ್ಮೈಯಲ್ಲಿ ಇರುವುದಿಲ್ಲ, ಕೆಳತುಟಿಯ ಹಿಂದಿನ ಗುಂಡು ಬಿಲ್ಲೆಯಿಂದ ಕಲ್ಲಿಗೆ ಕಚ್ಚಿಕೊಂಡಿರುತ್ತದೆ. ಕಲ್ಲಿನ ಮಗ್ಗುಲಿನ ವೇಗ ಮೇಲಿನ ವೇಗಕ್ಕಿಂತ ಬಹಳ ಕಡಿಮೆ. ಸಣ್ಣ ಫ್ಯಾನಿರುವ ವೇಗಮಾಪಕ ಸಿಕ್ಕರೆ ಅದನ್ನು ತಳದಲ್ಲೇ ಹಿಡಿದು ಇನ್ನೊಂದು ಅಳತೆ ಬರೆದುಕೊಳ್ಳಬೇಕು.

ಮಡುವಿನಲ್ಲಿ ಬೀಸುಬಲೆ ಸಾಕು. ಸೆಳವಿನಲ್ಲಿ ಅದು ಕಲ್ಲಿಗೆ ಸಿಕ್ಕಿ ಹರಿಯುತ್ತದೆ. ಒಬ್ಬರು ಕೆಳಗೆ ಕೈಬಲೆ ಒಡ್ಡಿ ನಿಂತು, ಇನ್ನೊಬ್ಬರು ಮೇಲಿನಿಂದ ಕಲ್ಲುಗಳನ್ನು ಕಾಲಲ್ಲಿ ಅಲುಗಿಸುತ್ತ ಬರುವುದೇ ಸರಿ. ಬಲೆಯ ಕಣ್ಣು ಎರಡೂ ಕಡೆ ಒಂದೇ ಅಳತೆಯದಿರಬೇಕು. ದೊಡ್ಡ ಕಣ್ಣಿನ ಬಲೆಯಲ್ಲಿ ಸಪೂರ ಮೀನು ನುಸುಳಿಹೋಗಿ ಮಡುವಿನಲ್ಲಿ ದಪ್ಪ ಮೀನೇ ಇದೆ ಎಂಬ ಭ್ರಮೆ ಹುಟ್ಟುತ್ತದೆ. ಪ್ರತಿ ಜಾಗದಿಂದ 30 ಬಲಿತ ಮೀನು ನಮ್ಮ ಗುರಿ. ಹೊಟ್ಟೆಯಲ್ಲಿ ತತ್ತಿ ಇರುವ ಹೆಣ್ಣನ್ನು ಬೇರೆ ಬರೆದಿಡಬೇಕು, ಇಲ್ಲದಿದ್ದರೆ ತತ್ತಿಯ ದಪ್ಪವನ್ನು ಮೈಯ ಆಕಾರವೆಂದು ಅಳೆದಂತಾಗುತ್ತದೆ.

ಮೀನನ್ನು ಕೊಲ್ಲದೆ ಚಿತ್ರ ತೆಗೆಯುವುದು ನಮಗೆ ಮುಖ್ಯ. ಅದಕ್ಕೆ ಲವಂಗದೆಣ್ಣೆ. 1 ಮಿಲಿಲೀಟರ್ ಎಣ್ಣೆಯನ್ನು 9 ಮಿಲಿಲೀಟರ್ ಎಥನಾಲಿನಲ್ಲಿ ಕದಡಿ ಇಟ್ಟುಕೊಂಡು, ಆ ಮಿಶ್ರಣದ 5 ಮಿಲಿಲೀಟರನ್ನು 10 ಲೀಟರ್ ಹೊಳೆನೀರಿಗೆ ಹಾಕಿದರೆ ಲೀಟರಿಗೆ ಸುಮಾರು 50 ಮೈಕ್ರೋಲೀಟರ್ ಎಣ್ಣೆ ಆಗುತ್ತದೆ. ಎಣ್ಣೆಯನ್ನು ನೇರ ನೀರಿಗೆ ಸುರಿದರೆ ಸರಿಯಾಗಿ ಬೆರೆಯದೆ ಹನಿಗಟ್ಟಿ, ಹನಿಯ ಹತ್ತಿರ ಬಂದ ಮೀನು ಸಾಯಬಹುದು, ದೂರವಿದ್ದದ್ದು ಎಚ್ಚರವಾಗಿಯೇ ಇರಬಹುದು. ಎರಡು ಮೂರು ನಿಮಿಷದಲ್ಲಿ ಮೀನು ತೋಲ ತಪ್ಪಿ ಮಗ್ಗುಲಾಗುತ್ತದೆ. ಕಿವಿರಿನ ಮುಚ್ಚಳ ಆಡುತ್ತಲೇ ಇರಬೇಕು, ಅದು ನಿಧಾನವಾಯಿತೆಂದರೆ ತಕ್ಷಣ ಗಾಳಿ ಹಾಯಿಸಿದ ತಿಳಿನೀರಿಗೆ ಬಿಡಬೇಕು. ಮಧ್ಯಾಹ್ನದ ಬಿಸಿಲಿಗೆ ಬಕೆಟ್ಟಿನ ನೀರು ಕಾದರೆ ಅದೇ ಪ್ರಮಾಣ ಹೆಚ್ಚಾಗಿಬಿಡುತ್ತದೆ. ನೆರಳಿನಲ್ಲಿ, ಒಂದು ಸಲಕ್ಕೆ ಐದಾರೇ ಮೀನು.

ಚಿತ್ರಕ್ಕೆ ಎಲ್ಲ ಮೀನಿನದೂ ಎಡ ಮಗ್ಗುಲು. ಬಿಳಿ ಥರ್ಮಾಕೋಲಿನ ಮೇಲೆ ಒದ್ದೆ ಬಟ್ಟೆ, ಪಕ್ಕದಲ್ಲಿ ಮಿಲಿಮೀಟರ್ ಪಟ್ಟಿ. ಪಟ್ಟಿ ಮೀನಿನ ನಡುಮೈಯ ಎತ್ತರದಲ್ಲಿರಬೇಕು. ನೆಲದ ಮಟ್ಟದಲ್ಲಿಟ್ಟರೆ ಕ್ಯಾಮರಾಕ್ಕೆ ಹತ್ತಿರವಿರುವ ಮೀನು ಇದ್ದದ್ದಕ್ಕಿಂತ ದೊಡ್ಡದಾಗಿ ಬರುತ್ತದೆ. ಕ್ಯಾಮರಾ ಸ್ಟ್ಯಾಂಡಿನಲ್ಲಿ ನೆಟ್ಟಗೆ ಕೆಳಮುಖವಾಗಿರಲಿ, ಮೊಬೈಲಿನ ಅಗಲ ಲೆನ್ಸು ಅಂಚಿನಲ್ಲಿ ಆಕಾರ ಬಗ್ಗಿಸುವುದರಿಂದ ಬೇಡ. ಈಜುರೆಕ್ಕೆಗಳನ್ನು ತೆಳು ಕುಂಚದಿಂದ ಬಿಡಿಸಿದರೆ ಬುಡ ಸ್ಪಷ್ಟವಾಗಿ ಕಾಣುತ್ತದೆ. ಬಿಲ್ಲೆಯ ಅಳತೆಗೆ ಸ್ಪಂಜಿನಲ್ಲಿ ಉದ್ದನೆಯ ತಗ್ಗು ಕೊರೆದು ಮೀನನ್ನು ಅಂಗಾತ ಮಲಗಿಸಿ ಇನ್ನೊಂದು ಚಿತ್ರ.

ಇಲ್ಲಿ ಆಗುವ ಅತಿ ಸಾಮಾನ್ಯ ತಪ್ಪು ಬೆನ್ನು ಬಾಗುವುದು. ಮೀನಿನ ತಲೆ ಸ್ವಲ್ಪ ಮೇಲೆದ್ದು ಬಾಲ ಇಳಿದರೆ ಅಳತೆಯಲ್ಲಿ ಅದು ದೊಡ್ಡ ವ್ಯತ್ಯಾಸವಾಗಿ ಕಾಣುತ್ತದೆ, ವಿಕಾಸಕ್ಕೂ ಅದಕ್ಕೂ ಸಂಬಂಧವಿಲ್ಲ. ಫಾರ್ಮಲಿನ್‌ನಲ್ಲಿ ಇಟ್ಟ ಹಳೆಯ ಮಾದರಿಗಳಲ್ಲಿ ಈ ಬಾಗು ಸೆಟೆದುಕೊಂಡು ಶಾಶ್ವತವಾಗಿರುತ್ತದೆ, ಮೈ ಕುಗ್ಗಿಯೂ ಇರುತ್ತದೆ. ಹಾಗಾಗಿ ಹಳೆಯ ಬಾಟಲಿಯ ಮೀನು, ಹೊಸದಾಗಿ ಹಿಡಿದ ಮೀನು ಎರಡನ್ನೂ ಒಂದೇ ಪಟ್ಟಿಯಲ್ಲಿ ಕಲಸಬಾರದು.

ಪ್ರತಿ ಮೀನಿನ ಬಾಲದ ರೆಕ್ಕೆಯ ತುದಿಯಿಂದ ಎರಡು ಮಿಲಿಮೀಟರಿನ ಚೂರು ಕತ್ತರಿಸಿ 95 ಶೇಕಡಾ ಎಥನಾಲಿಗೆ ಹಾಕುತ್ತೇವೆ, ಅದು ಮತ್ತೆ ಬೆಳೆಯುತ್ತದೆ. ಜಾಗಕ್ಕೆ ಮೂರ್ನಾಲ್ಕು ಮೀನನ್ನು ಮಾತ್ರ ಗುರುತಿನ ಸಾಕ್ಷಿಯಾಗಿ 10 ಶೇಕಡಾ ಫಾರ್ಮಲಿನ್‌ನಲ್ಲಿಟ್ಟು, ವಾರದ ಮೇಲೆ ತೊಳೆದು 70 ಶೇಕಡಾ ಎಥನಾಲಿಗೆ ಬದಲಿಸುತ್ತೇವೆ. ಡಿಎನ್‌ಎ ಚೂರು ಫಾರ್ಮಲಿನ್‌ಗೆ ಮುಂಚೆಯೇ ತೆಗೆಯಬೇಕು, ಫಾರ್ಮಲಿನ್ ತಗುಲಿದರೆ ಡಿಎನ್‌ಎ ಕೆಡುತ್ತದೆ. ಅಂಥ ಸಾಕ್ಷಿ ಮೀನುಗಳು ಸಾರ್ವಜನಿಕ ಸಂಗ್ರಹದಲ್ಲಿರಬೇಕು. ಪುಣೆಯ ಆಕುರ್ಡಿಯಲ್ಲಿ ಭಾರತೀಯ ಪ್ರಾಣಿ ಸರ್ವೇಕ್ಷಣಾಲಯದ ಪಶ್ಚಿಮ ಕೇಂದ್ರವೇ ಇದೆ.

ಚೀಟಿಯ ಬಗ್ಗೆ ಒಂದು ಮಾತು. ತಂಡದವರೆಲ್ಲ ಕನ್ನಡದವರಾದ್ದರಿಂದ ಪುಸ್ತಕ, ಚೀಟಿ ಎಲ್ಲ ಕನ್ನಡದಲ್ಲೇ ಬರೆಯುವುದು. ಆದರೆ ಮುಳಾ, ಮುಠಾ ಎರಡಕ್ಕೂ "ಮು" ಎಂದು ಬರೆದರೆ ಗತಿ ಏನು? ಒದ್ದೆಯಾದ ಚೀಟಿಯಲ್ಲಿ ೬ ಮತ್ತು ೯ ಕೂಡ ಒಂದೇ ಥರ ಕಾಣುತ್ತವೆ. ನದಿಯ ಪೂರ್ತಿ ಹೆಸರು, ನಂತರ "ಸೆಳವು" ಅಥವಾ "ಮಡು" ಎಂಬ ಪೂರ್ತಿ ಪದ, ನಂತರ 1, 2, 3 ಎಂದೇ ಅಂಕಿ, ಎಲ್ಲವೂ ಪೆನ್ಸಿಲಿನಲ್ಲಿ. ಪೆನ್ನಿನ ಶಾಯಿ ಎಥನಾಲಿನಲ್ಲಿ ಕರಗಿಹೋಗುತ್ತದೆ.

ಮನೆಗೆ ಬಂದಮೇಲೆ ಬಿಂದು ಇಡುವ ಕೆಲಸ. ಟಿಪಿಎಸ್‌ಡಿಗ್ ಎಂಬ ಉಚಿತ ತಂತ್ರಾಂಶದಲ್ಲಿ ಪ್ರತಿ ಚಿತ್ರದ ಮೇಲೆ 13 ಗುರುತು: ಮೂತಿಯ ತುದಿ, ಕಣ್ಣಿನ ಮುಂದಿನ ಹಿಂದಿನ ಅಂಚು, ತಲೆ ಮುಗಿದು ಬೆನ್ನು ಶುರುವಾಗುವಲ್ಲಿ, ಬೆನ್ನಿನ ರೆಕ್ಕೆಯ ಆರಂಭ ಮತ್ತು ಕೊನೆ, ಬಾಲದ ಬುಡದ ಮೇಲೆ ಕೆಳಗೆ, ಗುದರೆಕ್ಕೆಯ ಎರಡು ತುದಿ, ಹೊಟ್ಟೆಯ ರೆಕ್ಕೆಯ ಬುಡ, ಎದೆರೆಕ್ಕೆಯ ಬುಡ, ಕಿವಿರು ಮುಚ್ಚಳದ ಹಿಂದಿನ ಅಂಚು. ಒಬ್ಬರೇ ಎಲ್ಲ ಚಿತ್ರಕ್ಕೂ ಇಡಬೇಕು, ವಾರ ಬಿಟ್ಟು ಅದೇ ಚಿತ್ರಗಳಿಗೆ ಮತ್ತೊಮ್ಮೆ ಇಡಬೇಕು. ಎರಡು ಸಲದ ನಡುವಿನ ವ್ಯತ್ಯಾಸ ಎರಡು ಮೀನುಗಳ ನಡುವಿನ ವ್ಯತ್ಯಾಸಕ್ಕೆ ಹತ್ತಿರವಾಗಿದ್ದರೆ ಆ ಬಿಂದು ನಂಬಲು ಯೋಗ್ಯವಲ್ಲ, ತೆಗೆದುಹಾಕಬೇಕು. ನಮಗೆ ಯಾವಾಗಲೂ ಕಾಡುವುದು ತಲೆ ಮತ್ತು ಬೆನ್ನು ಕೂಡುವ ಬಿಂದು. ಚರ್ಮದ ಮೇಲಿನಿಂದ ಅದನ್ನು ಗುರುತಿಸಲು ಕಣ್ಣು ಪಳಗಬೇಕು.

ಆಮೇಲೆ ತಂತ್ರಾಂಶ ಎಲ್ಲ ಮೀನುಗಳನ್ನೂ ಒಂದರ ಮೇಲೊಂದು ಸರಿಸಿ, ಒಂದೇ ಗಾತ್ರಕ್ಕೆ ತಂದು, ತಿರುಗಿಸಿ ಹೊಂದಿಸುತ್ತದೆ. ಉಳಿಯುವುದು ಆಕಾರ ಮಾತ್ರ. ಹಾಗೆಂದು ಗಾತ್ರದ ಪ್ರಭಾವ ಪೂರ್ತಿ ಹೋಯಿತೆಂದಲ್ಲ. ಮೀನು ಬೆಳೆದಂತೆ ಮೈಯ ಪ್ರಮಾಣವೇ ಬದಲಾಗುತ್ತದೆ, ಮರಿಗೆ ಕಣ್ಣು ದೊಡ್ಡದು. ಮಡುವಿನಲ್ಲಿ ದೊಡ್ಡವೇ ಸಿಕ್ಕಿದ್ದರೆ ಅದನ್ನು ಲೆಕ್ಕದಲ್ಲಿ ಬೇರೆಯಾಗಿ ಕಳೆಯಬೇಕು. ಕೊನೆಗೆ ಪ್ರತಿ ನದಿಗೂ ಮಡುವಿನ ಸರಾಸರಿ ಆಕಾರದಿಂದ ಸೆಳವಿನ ಸರಾಸರಿ ಆಕಾರಕ್ಕೆ ಒಂದು ಬಾಣ ಎಳೆದಂತೆ ಯೋಚಿಸಿ. ಎರಡು ನದಿಗಳ ಬಾಣಗಳ ನಡುವಿನ ಕೋನ 0 ಡಿಗ್ರಿಯಾದರೆ ಬದಲಾವಣೆ ಪೂರ್ತಿ ಸಮಾಂತರ, 180 ಆದರೆ ಪೂರ್ತಿ ವಿರುದ್ಧ, 90 ಆದರೆ ಸಂಬಂಧವಿಲ್ಲ. ಇಷ್ಟೊಂದು ಬಿಂದುಗಳಿದ್ದಾಗ ಗೊತ್ತುಗುರಿಯಿಲ್ಲದ ಎರಡು ಬಾಣಗಳ ನಡುವೆ ಕೋನ 90ರ ಆಸುಪಾಸಿನಲ್ಲೇ ಬೀಳುತ್ತದೆ. ಹಾಗಾಗಿ 60 ಡಿಗ್ರಿ ಬಂದರೂ ಅದಕ್ಕೆ ಅರ್ಥವಿರಬಹುದು, ಹೊಸಬರು ಅದನ್ನು ಕಂಡು ನಿರಾಶರಾಗುತ್ತಾರೆ. ಬಾಣದ ಉದ್ದವನ್ನೂ ಬೇರೆ ನೋಡಬೇಕು. ದಿಕ್ಕು ಒಂದೇ ಆಗಿ, ಒಂದು ನದಿಯಲ್ಲಿ ಬದಲಾವಣೆ ಹೆಚ್ಚು, ಇನ್ನೊಂದರಲ್ಲಿ ಕಡಿಮೆ ಇರುವುದು ಸಹಜ.

ಆಕಾರದ ಲೆಕ್ಕ ಎಷ್ಟೇ ಚೆನ್ನಾಗಿ ಬಂದರೂ ಅದು ಅರ್ಧ ಕೆಲಸ. ಆ ಮೀನುಗಳು ಒಂದೇ ಪ್ರಭೇದವೇ? ಗಾರಾ ಮುಲ್ಯಾ ಎಂಬುದರಲ್ಲಿ ಮುಲ್ಯಾ ಎಂಬ ಪ್ರಭೇದದ ಹೆಸರನ್ನು ದಖ್ಖನಿನ ಮೀನುಗಳ ಮೇಲೆ ಕೆಲಸ ಮಾಡಿದ ಕರ್ನಲ್ ಸೈಕ್ಸ್ 1839ರಲ್ಲಿ ಕೊಟ್ಟರು. ಒಂದೇ ಹೆಸರಿನಡಿ ಬೇರೆಬೇರೆ ವಂಶಗಳು ಅಡಗಿರುವುದು ಘಟ್ಟದ ಮೀನುಗಳಲ್ಲಿ ಹೊಸ ವಿಷಯವಲ್ಲ. ಮೊದಲ ಹೆಜ್ಜೆಯಾಗಿ ಪ್ರಭೇದ ಗುರುತಿಸಲು ಬಳಸುವ, ಜೀವಕೋಶದ ಮೈಟೊಕಾಂಡ್ರಿಯ ಎಂಬ ಭಾಗದಲ್ಲಿರುವ ಸಿಒಐ ಜೀನಿನ ಸುಮಾರು 655 ಅಕ್ಷರಗಳನ್ನು ಓದಿಸುತ್ತೇವೆ. ಡಿಎನ್‌ಎಯ ಪ್ರತಿಗಳನ್ನು ಹೆಚ್ಚಿಸುವ ಪಿಸಿಆರ್‌ನಲ್ಲಿ 94, 54, 72 ಡಿಗ್ರಿಗಳ 35 ಸುತ್ತು. ಪ್ರತಿ ನದಿಯ ಸೆಳವಿನ ಮೀನು ಅದೇ ನದಿಯ ಮಡುವಿನ ಮೀನಿಗೆ ಹತ್ತಿರದ ನೆಂಟನಾಗಿದ್ದರೆ ಸಪೂರ ಮೈ ಪ್ರತಿ ನದಿಯಲ್ಲೂ ಬೇರೆಯಾಗಿ ಬಂದಿರುವ ಸಾಧ್ಯತೆ ಇದೆ. ಎಲ್ಲ ನದಿಗಳ ಸೆಳವಿನ ಮೀನುಗಳೂ ಒಟ್ಟಾಗಿ ಒಂದು ಗುಂಪಾದರೆ ಲಕ್ಷಣ ಒಮ್ಮೆ ಹುಟ್ಟಿ ಹರಡಿದೆ. ಆಗ ನಮ್ಮ ಎಣಿಕೆ ಮತ್ತೆ ಒಂದಕ್ಕೆ ಇಳಿಯಿತು.

ಒಂದು ಜೀನು ಸಾಲದು ಎಂಬುದನ್ನು ಜಗತ್ತಿಗೆ ಚೆನ್ನಾಗಿ ಕಲಿಸಿದ್ದು ಸ್ಟಿಕಲ್‌ಬ್ಯಾಕ್ ಎಂಬ ಮುಳ್ಳುಬೆನ್ನಿನ ಮೀನು. ಕಡಲಿನಲ್ಲಿ ಅದರ ಪಕ್ಕೆಗೆ 30ಕ್ಕೂ ಹೆಚ್ಚು ಎಲುಬಿನ ಫಲಕಗಳು. ಸುಮಾರು 12,000 ವರ್ಷಗಳ ಹಿಂದೆ ಹಿಮ ಕರಗಿ ಉಂಟಾದ ಉತ್ತರದ ಕೆರೆಗಳನ್ನು ಸೇರಿದವುಗಳಲ್ಲಿ ಮತ್ತೆಮತ್ತೆ ಅದು 10ಕ್ಕಿಂತ ಕೆಳಗಿಳಿದಿದೆ. ಅಲಾಸ್ಕಾದ ಲೋಬರ್ಗ್ ಕೆರೆಯಲ್ಲಿ 1982ರಲ್ಲಿ ವಿಷ ಹಾಕಿ ಮೀನೆಲ್ಲ ತೆಗೆದಿದ್ದರು. ಆಮೇಲೆ ಕಡಲಿನಿಂದ ಬಂದು ಸೇರಿದವುಗಳಲ್ಲಿ 1990ರಲ್ಲಿ 96 ಶೇಕಡಾ ಪೂರ್ಣ ಫಲಕದವು, 2001ಕ್ಕೆ ಅಂಥವು 11 ಶೇಕಡಾ. ಇಷ್ಟು ಬೇಗ ಹೇಗೆ? ಫಲಕಗಳ ಸಂಖ್ಯೆಯನ್ನು ನಿಯಂತ್ರಿಸುವ ಇಡಿಎ ಎಂಬ ಜೀನಿನ ಸಿಹಿನೀರಿನ ರೂಪ ಕಡಲಿನ ಮೀನುಗಳಲ್ಲೇ ಅಪರೂಪವಾಗಿ ಮೊದಲಿನಿಂದ ಇತ್ತು, ಅದರ ವಯಸ್ಸು ಸುಮಾರು 20 ಲಕ್ಷ ವರ್ಷ ಎಂದು 2005ರಲ್ಲಿ ತೋರಿಸಿದರು. ಇಡೀ ಜೀನೋಮಿನ ವಂಶವೃಕ್ಷದಲ್ಲಿ ಕೆರೆಯ ಮೀನು ಹತ್ತಿರದ ಕಡಲಿನ ಮೀನಿನ ಜೊತೆ ಕೂಡುತ್ತದೆ, ಇಡಿಎ ಜೀನೊಂದರ ವೃಕ್ಷದಲ್ಲಿ ದೂರದೂರದ ಕೆರೆಗಳ ಮೀನುಗಳೆಲ್ಲ ಒಟ್ಟಿಗೆ ಕೂಡುತ್ತವೆ. ಸಮೂಹಗಳು ಬೇರೆ, ಜೀನು ಒಂದೇ.

ಅದೇ ಮೀನಿನ ಹೊಟ್ಟೆಯ ಮುಳ್ಳಿನ ಕಥೆ ಬೇರೆ. ಕೆಲವು ಕೆರೆಗಳಲ್ಲಿ ಆ ಮುಳ್ಳು, ಅದರ ಎಲುಬು ಎರಡೂ ಮಾಯ. ಪಿಟ್‌ಎಕ್ಸ್1 ಎಂಬ ಜೀನು ಹಾಳಾಗಿಲ್ಲ, ಅದು ದೇಹದ ಬೇರೆ ಕಡೆ ಬೇಕಾದದ್ದು. ಸೊಂಟದ ಭಾಗದಲ್ಲಿ ಅದನ್ನು ಹೊತ್ತಿಸುವ ಸ್ವಿಚ್ಚಿನಂಥ ಡಿಎನ್‌ಎ ತುಣುಕು ಮಾತ್ರ ಕಳಚಿಹೋಗಿದೆ, ಬೇರೆಬೇರೆ ಕೆರೆಗಳಲ್ಲಿ ಬೇರೆಬೇರೆ ಉದ್ದಕ್ಕೆ. ಅಂದರೆ ಪ್ರತಿ ಕಡೆ ಹೊಸದಾಗಿ ಆದ ಬದಲಾವಣೆ. ಮೆಕ್ಸಿಕೋದ ಕುರುಡು ಗುಹೆಮೀನುಗಳಲ್ಲಿ ಇದನ್ನು ಇನ್ನೂ ನೇರವಾಗಿ ಕಂಡಿದ್ದಾರೆ: ಎರಡು ಬೇರೆ ಗುಹೆಗಳ ಕುರುಡು ಮೀನುಗಳನ್ನು ಕೂಡಿಸಿದಾಗ ಹುಟ್ಟಿದ ಮರಿಗಳಲ್ಲಿ ಕೆಲವಕ್ಕೆ ಕಣ್ಣು ಕಂಡಿತು. ಒಂದು ಗುಹೆಯಲ್ಲಿ ಕೆಟ್ಟ ಜೀನು ಇನ್ನೊಂದರಲ್ಲಿ ಸರಿಯಾಗಿತ್ತು. ನಮ್ಮ ಓದುಗರಿಗೆ ಹತ್ತಿರದ ಉದಾಹರಣೆಯೂ ಇದೆ. 1872ರಲ್ಲಿ ಮೀನುತಜ್ಞ ಫ್ರಾನ್ಸಿಸ್ ಡೇ ಪುಣೆಯ ಮೀನಿನಿಂದ ವರ್ಣಿಸಿದ ಎವೆಜಾರ್ಡಿ ಎಂಬ ಪುಟ್ಟ ತಳಮೀನಿನ ಹೆಸರಿನಲ್ಲೇ ಛತ್ತೀಸಗಡದ ಬಸ್ತರಿನ ಕೋಟಮ್‌ಸರ್ ಗುಹೆಯ ಮೀನನ್ನೂ ಬಹುಕಾಲ ಕರೆದರು. ಗುಹೆಯದಕ್ಕೆ ಕಣ್ಣು ಕುಗ್ಗಿದೆ, ಬಣ್ಣ ಮಾಸಿದೆ.

ಇನ್ನು ಬೇರೆ ವಂಶಗಳ ಮಾತು. ಮೀನುತಜ್ಞ ಸುಂದರಲಾಲ್ ಹೋರಾ 1920ರ ದಶಕದಲ್ಲೇ ಗುಡ್ಡದ ಸೆಳವಿನ ಮೀನುಗಳನ್ನು ಅಂಗಾಂಗ ಬಿಡಿಸಿ ನೋಡಿದ್ದರು. ಗಾರಾ ಕಚ್ಚಿಕೊಳ್ಳುವುದು ತುಟಿಯ ಬಿಲ್ಲೆಯಿಂದ, ಗ್ಲಿಪ್ಟೊಥೊರ್ಯಾಕ್ಸ್ ಎಂಬ ಮೀಸೆಮೀನು ಎದೆಯ ಚರ್ಮದ ಮಡಿಕೆಗಳಿಂದ, ಬಾಲಿಟೋರಾ ಅಗಲಕ್ಕೆ ಹರಡಿದ ಜೋಡಿ ರೆಕ್ಕೆಗಳಿಂದ. ಕೆಲಸ ಒಂದೇ, ಭಾಗ ಬೇರೆ. ಇದನ್ನು ಒಮ್ಮುಖ ವಿಕಾಸ ಎನ್ನುವುದು ವಾಡಿಕೆ. ಒಂದೇ ಪ್ರಭೇದದ ಸಮೂಹಗಳು ಒಂದೇ ಆರಂಭದಿಂದ ಒಂದೇ ದಿಕ್ಕಿಗೆ ಹೋದರೆ ಸಮಾಂತರ.

ಉಳಿದದ್ದು ಎಲ್ಲಕ್ಕಿಂತ ದೊಡ್ಡ ಸಂಶಯ. ಸೆಳವಿನಲ್ಲಿ ಬೆಳೆದ ಮರಿ ಈಜಿ ಈಜಿಯೇ ಸಪೂರವಾಗಬಹುದು, ವಂಶದಲ್ಲಿ ಏನೂ ಬದಲಾಗಿರಬೇಕಿಲ್ಲ. ಪರೀಕ್ಷೆ ಒಂದೇ: ಎರಡೂ ಕಡೆಯ ಮೀನಿನ ಸಂತಾನವನ್ನು ಒಂದೇ ಥರದ ತೊಟ್ಟಿಯಲ್ಲಿ ಬೆಳೆಸುವುದು. ಗಾರಾವನ್ನು ತೊಟ್ಟಿಯಲ್ಲಿ ಮರಿ ಮಾಡಿಸುವುದು ಕಷ್ಟ. ಆದ್ದರಿಂದ ಕೈ ಪಳಗಿಸಲು ಗಪ್ಪಿ ಒಳ್ಳೆಯದು. ಸೊಳ್ಳೆಮರಿ ತಿನ್ನಲೆಂದು ಬಿಟ್ಟದ್ದು ಪುಣೆಯ ನಾಲೆಗಳಲ್ಲೂ ಬಾವಿಗಳಲ್ಲೂ ಸಿಗುತ್ತದೆ. ಟ್ರಿನಿಡಾಡ್‌ನ ಹೊಳೆಗಳಲ್ಲಿ ಬೇಟೆಮೀನು ಇರುವ ಕೆಳಭಾಗದಿಂದ ಅದಿಲ್ಲದ ಮೇಲ್ಭಾಗಕ್ಕೆ ಗಪ್ಪಿಗಳನ್ನು 1976ರಲ್ಲಿ ಒಯ್ದು ಬಿಟ್ಟಿದ್ದರು. 11 ವರ್ಷಗಳಲ್ಲಿ ಅವು ತಡವಾಗಿ, ದೊಡ್ಡದಾಗಿ ಬಲಿಯತೊಡಗಿದವು, ಮರಿಗಳ ಸಂಖ್ಯೆ ಇಳಿದು ಒಂದೊಂದು ಮರಿಯ ಗಾತ್ರ ಹೆಚ್ಚಿತು. ನಮ್ಮ ಗಪ್ಪಿಗಳ ಮೂಲ ಅಂಗಡಿಯ ತೊಟ್ಟಿಯಾದ್ದರಿಂದ ಅವುಗಳಿಂದ ಅಂಥ ದೊಡ್ಡ ತೀರ್ಮಾನಕ್ಕೆ ಬರಬಾರದು, ವಿಧಾನ ಕಲಿಯಲು ಸಾಕು.

ಕೊರವ ಮೀನಿರುವ ಕೆರೆಯಿಂದಲೂ ಅದಿಲ್ಲದ ಬಾವಿಯಿಂದಲೂ ಹೆಣ್ಣು ಗಪ್ಪಿಗಳನ್ನು ತಂದು, ಒಂದೊಂದಕ್ಕೆ 10 ಲೀಟರ್ ತೊಟ್ಟಿ, 25 ಡಿಗ್ರಿ ನೀರು. ನಲ್ಲಿ ನೀರನ್ನು ಒಂದು ದಿನ ತೆರೆದಿಟ್ಟು ಕ್ಲೋರಿನ್ ಹೋಗಿಸಿ. ತಾಯಿ ಮರಿಯನ್ನು ತಿನ್ನದಂತೆ ಪಾಚಿಯ ಗೊಂಚಲು ಬೇಕು. ಸುಮಾರು ನಾಲ್ಕು ವಾರಕ್ಕೊಮ್ಮೆ ಮರಿ ಹಾಕುತ್ತದೆ. ಹೆಣ್ಣು ಗಂಡಿನ ವೀರ್ಯವನ್ನು ತಿಂಗಳುಗಟ್ಟಲೆ ಒಳಗಿಟ್ಟುಕೊಳ್ಳುವುದರಿಂದ ಮೊದಲ ಮರಿಗಳ ತಂದೆ ಯಾರೆಂದು ನಮಗೆ ತಿಳಿಯದು, ತಾಯಿ ಕೆರೆಯಲ್ಲಿ ತಿಂದ ಆಹಾರದ ಪ್ರಭಾವವೂ ಮರಿಯ ಗಾತ್ರದ ಮೇಲಿರುತ್ತದೆ. ಆದ್ದರಿಂದ ಎರಡನೆಯ ತಲೆಮಾರಿನವರೆಗೆ ಕಾಯಲೇಬೇಕು. ಗಂಡಿನ ಗುದರೆಕ್ಕೆ ಉದ್ದವಾಗುವ ಮೊದಲೇ ಮರಿಗಳನ್ನು ಬೇರೆಮಾಡಬೇಕು. ಒಂದು ದಿನ ತಡವಾದರೂ ಯಾರಿಂದ ಯಾರು ಬಸಿರಾದರು ಎಂಬ ಲೆಕ್ಕ ಹೋಯಿತು. ಆಹಾರವನ್ನು ಚಿಟಿಕೆಯಲ್ಲಿ ಹಾಕದೆ ತೂಗಿ ಹಾಕಬೇಕು, ಹೆಚ್ಚು ತಿಂದ ಗಪ್ಪಿ ಯಾವ ಕೆರೆಯದಾದರೂ ಹೆಚ್ಚು ಮರಿ ಹಾಕುತ್ತದೆ. ಒಂದು ಕೆರೆಯ ತೊಟ್ಟಿಗಳನ್ನೆಲ್ಲ ಕಿಟಕಿಯ ಪಕ್ಕಕ್ಕೂ ಇನ್ನೊಂದರವನ್ನು ಒಳಗಡೆಗೂ ಇಟ್ಟರೆ ನೀವು ಅಳೆಯುವುದು ಕಿಟಕಿಯನ್ನು. ತೊಟ್ಟಿಗಳನ್ನು ಚೀಟಿ ಎತ್ತಿ ಜೋಡಿಸಬೇಕು. ಕೆಲಸ ಮುಗಿದ ಮೇಲೆ ಒಂದು ಗಪ್ಪಿಯನ್ನೂ ಹೊಳೆಗೆ ಬಿಡಬಾರದು.

ಎರಡನೆಯ ತಲೆಮಾರಿನ ಚಿತ್ರಗಳಿಗೆ ಬಿಂದು ಇಡುವವರಿಗೆ ಯಾವ ಮೀನು ಯಾವ ಕೆರೆಯದೆಂದು ತಿಳಿದಿರಬಾರದು. ತಿಳಿದಿದ್ದರೆ ಕೈ ತನಗೆ ತಿಳಿಯದಂತೆಯೇ ಬೇಕಾದ ಕಡೆ ಅರ್ಧ ಮಿಲಿಮೀಟರ್ ಜಾರುತ್ತದೆ. ಚಿತ್ರಗಳಿಗೆ ಬರೀ ಸಂಖ್ಯೆ ಕೊಟ್ಟು, ಸಂಖ್ಯೆ ಮತ್ತು ಕೆರೆಯ ಪಟ್ಟಿಯನ್ನು ಲಕೋಟೆಯಲ್ಲಿ ಅಂಟಿಸಿ, ಬಿಂದು ಇಡುವ ಕೆಲಸಕ್ಕೆ ಸೇರದ ಒಬ್ಬರ ಹತ್ತಿರ ಕೊಟ್ಟಿರುತ್ತೇವೆ. ಕೊನೆಯ ಚಿತ್ರದ ಹದಿಮೂರನೆಯ ಬಿಂದು ಇಟ್ಟು, ಕಡತ ಉಳಿಸಿ, ಅದರ ಒಂದು ಪ್ರತಿ ಬೇರೆ ಕಡೆ ಇಟ್ಟಮೇಲೆ ಲಕೋಟೆ ಒಡೆಯುವುದು.